ಬೇಸರವಲ್ಲ, ಇದು ಕಾಯಿಲೆ

ಶಾಲೆಗಳಿಗೆ ವಿದಾಯ ಸಮಾರಂಭ ಹೊಸದಲ್ಲ. ಶಾಲು, ಹಾರ, ಫಲತಾಂಬೂಲ, ಕೊನೆಗೊಂದು ಗ್ರೂಪ್ ಫೋಟೋ. ಇತ್ತೀಚೆಗೆ ನಮ್ಮ ಶಾಲೆಯ ಗಣಿತದ ಮೇಷ್ಟ್ರಿಗೆ ಹೇಳಿದ ವಿದಾಯದಲ್ಲಿ ಇವು ಯಾವುವೂ ಇರಲಿಲ್ಲ. ಬೆಳಗಿನ ಪ್ರಾರ್ಥನೆಯ ಬಳಿಕ ಎರಡು ನಿಮಿಷದ ಮೌನ, ಅಷ್ಟೆ. ಖಿನ್ನತೆಯಿಂದ ಬಳಲುತ್ತಿದ್ದ ಅವರು ತಮ್ಮ ಜೀವವನ್ನು ತಾವೇ ಕಳೆದುಕೊಂಡಿದ್ದರು. ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಪ್ರಮೇಯವನ್ನು ಕಥೆಯಂತೆ ಹೇಳುತ್ತಿದ್ದವರು ಅವರು. ಲೆಕ್ಕ ತಪ್ಪಿದ ಹುಡುಗನನ್ನು ಗದರದೆ, 'ಇನ್ನೊಂದು ದಾರಿ ನೋಡೋಣ ಬಾರಪ್ಪ' ಎನ್ನುತ್ತಿದ್ದರು. ಹತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: 'ಸರ್, ನಮ್ಮನ್ನೆಲ್ಲ ಅಷ್ಟು ನಗಿಸುತ್ತಿದ್ದವರಿಗೆ ಏನು ಕಮ್ಮಿಯಾಗಿತ್ತು?' ನಾಲ್ಕು ಹೊಗಳಿಕೆಯ ಮಾತಿಗಿಂತ, ಈ ಪ್ರಶ್ನೆಗೆ ಉತ್ತರ ಹೇಳುವುದೇ ಅವರಿಗೆ ಸಲ್ಲುವ ವಿದಾಯ.

ಏನಾದರೂ ಕಮ್ಮಿ ಇದ್ದವರಿಗೆ ಮಾತ್ರ ಬರುವ ಕಾಯಿಲೆ ಇದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನ ಸುಮಾರು 28 ಕೋಟಿ ಜನರಿಗೆ ಖಿನ್ನತೆಯಿತ್ತು. ಆನುವಂಶಿಕತೆ, ಬದುಕಿನ ಪೆಟ್ಟುಗಳು, ದೀರ್ಘಕಾಲದ ಕಾಯಿಲೆ, ಒಂಟಿತನ ಹೀಗೆ ಹಲವು ಕಾರಣಗಳು ಕೂಡಿ ಅದು ಬರುತ್ತದೆ. ಥೈರಾಯ್ಡ್ ಗ್ರಂಥಿ ಮಂದವಾದಾಗಲೂ ಇಂಥವೇ ಲಕ್ಷಣಗಳು ಕಾಣಬಹುದು. ವೈದ್ಯರು ರಕ್ತಪರೀಕ್ಷೆ ಮಾಡಿಸುವುದು ಇದಕ್ಕಾಗಿಯೇ.

ಗುರುತಿಸುವುದು ಹೇಗೆ?

ಅಂಕ ಕಡಿಮೆ ಬಂದರೆ ಆಗುವ ಬೇಸರ ನಾಲ್ಕು ದಿನದಲ್ಲಿ ಕರಗುತ್ತದೆ. ಹಾಗಲ್ಲದೆ, ದಿನದ ಬಹುಪಾಲು ಮಂಕುತನ ಅಥವಾ ಯಾವುದರಲ್ಲೂ ಆಸಕ್ತಿಯಿಲ್ಲದ ಸ್ಥಿತಿ ಎರಡು ವಾರ ಮುಂದುವರಿದು, ಅದರೊಡನೆ ನಿದ್ರೆ, ಹಸಿವು ಏರುಪೇರಾಗಿ, ಆಯಾಸವೂ 'ನಾನು ಯಾರಿಗೂ ಬೇಡದವನು' ಎಂಬ ಭಾವನೆಯೂ ಸೇರಿದರೆ ವೈದ್ಯರನ್ನು ಕಾಣಬೇಕು. ಮಕ್ಕಳಲ್ಲಿ ಇದು ಸಿಡುಕಾಗಿ, ತಲೆನೋವು ಹೊಟ್ಟೆನೋವಾಗಿ, ಶಾಲೆಗೆ ಹೋಗಲೊಲ್ಲೆನೆಂಬ ಹಟವಾಗಿಯೂ ತೋರಬಹುದು.

'ಧೈರ್ಯ ತಂದುಕೋ, ಯೋಚನೆ ಬಿಡು' ಎನ್ನುವುದು ದೃಷ್ಟಿದೋಷವಿರುವ ಹುಡುಗನಿಗೆ 'ಬೋರ್ಡನ್ನು ಸರಿಯಾಗಿ ನೋಡು' ಎಂದಂತೆ. ಅವನಿಗೆ ಬೇಕಾದದ್ದು ಕನ್ನಡಕ. ಖಿನ್ನತೆಗೂ ಚಿಕಿತ್ಸೆಯಿದೆ: ಆಪ್ತಸಮಾಲೋಚನೆ, ಅಗತ್ಯವಿದ್ದರೆ ಮಾತ್ರೆ. ಮಾತ್ರೆಯ ಗುಣ ಕಾಣಲು ಕೆಲವು ವಾರ ಬೇಕು. ವಾಸಿಯಾಯಿತೆಂದು ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

'ಸಾಯುವ ಯೋಚನೆ ಬರುತ್ತಿದೆಯಾ?' ಎಂದು ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂದು ಹಲವರು ಅಂಜುತ್ತಾರೆ. ಅದು ತಪ್ಪು. ಮೆಲ್ಲಗೆ, ನೇರವಾಗಿ ಕೇಳಿದರೆ ಎದುರಿನವರ ಭಾರ ಇಳಿಯುತ್ತದೆ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಜಿಲ್ಲಾಸ್ಪತ್ರೆಯ ಮನೋವೈದ್ಯರಿದ್ದಾರೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ.

ವಿದ್ಯಾರ್ಥಿಗಳೇ, ಗೆಳೆಯ 'ಯಾರಿಗೂ ಹೇಳಬೇಡ' ಎಂದು ಇಂಥ ಮಾತು ಹೇಳಿಕೊಂಡರೆ, ಆ ಗುಟ್ಟನ್ನು ಕಾಯಬೇಡಿ. ನಂಬಿಕೆಯ ಹಿರಿಯರೊಬ್ಬರಿಗೆ ಅಂದೇ ತಿಳಿಸಿ. ಪೋಷಕರೇ, ಮಗನಿಗೆ ಜ್ವರವೆಂದು ರಜಾಚೀಟಿ ಬರೆಯಲು ನೀವು ನಾಚುವುದಿಲ್ಲ. ಮನಸ್ಸಿನ ಕಾಯಿಲೆಯೆಂದು ಬರೆಯಲೂ ನಾಚಬೇಕಿಲ್ಲ.