ಬಾಯಿ ತೆರೆಯದ ನಾಯಕ

ಒಪೆರಾದಲ್ಲಿ ನಾಯಕ ರಂಗಕ್ಕೆ ಬಂದನೆಂದರೆ ಕಂಠ ತುಂಬಿ ಹಾಡಬೇಕು. ಟಿಕೆಟ್ ಕೊಂಡವರು ಕಾದಿರುವುದೇ ಅದಕ್ಕೆ. ರಿಕಾರ್ಡೊ ಜಂಡೊನಾಯ್ ಸಂಯೋಜಿಸಿದ ‘ಫ್ರಾಂಚೆಸ್ಕಾ ದಾ ರಿಮಿನಿ’ಯಲ್ಲಿ ನಾಯಕ ಪಾವ್ಲೊ ಬರುವುದು ಮೊದಲ ಅಂಕ ಮುಗಿಯುವ ಹೊತ್ತಿಗೆ. ಬಂದವನು ಒಂದು ಸ್ವರವನ್ನೂ ಎತ್ತುವುದಿಲ್ಲ. ಫ್ರಾಂಚೆಸ್ಕಾ ಕೆಂಪು ಗುಲಾಬಿ ಕಿತ್ತು ಅವನಿಗೆ ಕೊಡುತ್ತಾಳೆ. ಅವಳೂ ಮೌನಿ. ಸಖಿಯರ ಹಾಡು, ವಾದ್ಯಗಳ ದನಿ, ಅಷ್ಟೇ.

ತನ್ನ ವರ ಇವನೇ ಎಂದು ಅವಳು ನಂಬಿದ್ದಾಳೆ. ನಿಜವಾದ ವರ ಪಾವ್ಲೊನ ಅಣ್ಣ, ಕುಂಟ ಜಾನ್‌ಚೊಟ್ಟೊ. ಅವನನ್ನು ಕಂಡರೆ ಹುಡುಗಿ ಒಪ್ಪಲಾರಳೆಂದು ಚೆಲುವ ತಮ್ಮನನ್ನು ಮುಂದೆ ಬಿಟ್ಟಿದ್ದಾರೆ. 13ನೇ ಶತಮಾನದ ಈ ಪ್ರಕರಣವನ್ನು ಡಾಂಟೆ ತನ್ನ ‘ಇನ್ಫೆರ್ನೊ’ದಲ್ಲಿ ತಂದ, ದಾನ್ನುನ್‌ತ್ಸಿಯೊ 1901ರಲ್ಲಿ ಅದನ್ನು ನಾಟಕವಾಗಿಸಿದ. ಒಪೆರಾ ಮೊದಲು ರಂಗವೇರಿದ್ದು 1914ರಲ್ಲಿ, ಟ್ಯೂರಿನ್‌ನಲ್ಲಿ. ಪುಚ್ಚಿನಿಯ ಕೃತಿಗಳು ಊರೂರಲ್ಲಿ ನಡೆಯುವಾಗ ಇದು ಅಪರೂಪಕ್ಕೆ ಕಾಣುತ್ತದೆ. ಹಾಗಾಗಿ ನಮ್ಮಂಥವರಿಗೆ ಸಿಗುವುದು ಚಿತ್ರೀಕರಣವೇ.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದ 1984ರ ಪ್ರದರ್ಶನದ ಚಿತ್ರೀಕರಣವಿದೆ. ರೆನಾಟಾ ಸ್ಕೊಟ್ಟೊ ಫ್ರಾಂಚೆಸ್ಕಾ, ಪ್ಲಾಸಿಡೊ ಡೊಮಿಂಗೊ ಪಾವ್ಲೊ. ನಿರ್ದೇಶನ ಪಿಯೆರೊ ಫಜ್ಜೊನಿಯದು, ವಾದ್ಯವೃಂದ ನಡೆಸಿದವರು ಜೇಮ್ಸ್ ಲೆವೈನ್. ಆಗ ಸ್ಕೊಟ್ಟೊಗೆ 50. ಸುಮಾರು 3,800 ಆಸನಗಳ ಆ ರಂಗಮಂದಿರದ ಹಿಂದಿನ ಸಾಲಿನವರಿಗೆ ವಯಸ್ಸು ಕಾಣದು. ಕ್ಯಾಮೆರಾ ಬಿಡುತ್ತದೆಯೇ? ಹಿಂದಿನ ಸಾಲಿಗೂ ತಲುಪಲೆಂದು ದೊಡ್ಡದಾಗಿ ಮಾಡಿದ ಅಭಿನಯ ಪರದೆಯ ಮೇಲೆ ಕೆಲವೆಡೆ ಅತಿಯೆನಿಸುತ್ತದೆ. ಆದರೆ ಹಾಡಿಲ್ಲದ ಆ ಗುಲಾಬಿಯ ಪ್ರಸಂಗದಲ್ಲಿ ಮುಖವೇ ಎಲ್ಲ ಕೆಲಸ ಮಾಡಬೇಕು. ಅಲ್ಲಿ ಕ್ಯಾಮೆರಾ ಹತ್ತಿರವಿರುವುದೇ ಲಾಭ.

ಎರಡನೆಯ ಅಂಕಕ್ಕೆ ಇದೇ ಮಾತು ಒಪ್ಪುವುದಿಲ್ಲ. ಕೋಟೆಯ ಗೋಪುರ, ಬಿಲ್ಲಾಳುಗಳು, ಉರಿಬಾಣ, ನಡುವೆ ಪ್ರೇಮಿಗಳು: ಇಡೀ ರಂಗ ಒಟ್ಟಿಗೆ ಕಣ್ಣಿಗೆ ಬಿದ್ದರೇ ಚೆಂದ. ಚಿತ್ರದಲ್ಲಿ ಯಾವ ಮೂಲೆ ನೋಡಬೇಕೆಂಬುದನ್ನು ಬೇರೊಬ್ಬರು ನಿರ್ಧರಿಸಿರುತ್ತಾರೆ. ಒಬ್ಬನ ಬಾಯಿ ದೊಡ್ಡದಾಗಿ ಕಂಡಷ್ಟೂ ಯುದ್ಧ ಸಣ್ಣದಾಗುತ್ತದೆ.

ನನಗೆ ಹೆಚ್ಚು ಹಿಡಿಸಿದ್ದು ನಾಲ್ಕನೆಯ ಅಂಕದ ಮೊದಲ ಭಾಗ. ಯುದ್ಧದಲ್ಲಿ ಒಂದು ಕಣ್ಣು ಕಳೆದುಕೊಂಡ ಕಿರಿಯ ತಮ್ಮ ಮಲಾಟೆಸ್ಟಿನೊಗೂ ಅತ್ತಿಗೆ ಫ್ರಾಂಚೆಸ್ಕಾಳ ಮೇಲೆ ಕಣ್ಣು. ಸೆರೆಯಾಳಿನ ಚೀರಾಟ ಕೆಳಗಿನ ಕತ್ತಲಕೋಣೆಯಿಂದ ಕೇಳುತ್ತದೆ. ಮಲಾಟೆಸ್ಟಿನೊ ಇಳಿದುಹೋಗಿ, ಕಡಿದ ತಲೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬರುತ್ತಾನೆ. ಅವಳು ಒಲಿಯದ ಸಿಟ್ಟಿಗೆ ಅಣ್ಣ ಜಾನ್‌ಚೊಟ್ಟೊನ ಕಿವಿಯಲ್ಲಿ ಚಾಡಿ ಊದುವವನೂ ಇವನೇ. ಇಲ್ಲಿ ಸಂಗೀತಕ್ಕೆ ಒಲವಿನ ಹಂಗಿಲ್ಲ. ಮಾತಿನ ಲಯಕ್ಕೆ ಅಂಟಿಕೊಂಡು ಹರಿತವಾಗಿ ಸಾಗುತ್ತದೆ. ಅಡಿಬರಹ ಓದುತ್ತ ನೋಡುವವರಿಗೆ ಈ ಮಾತುಗಳ ಮೊನೆ ಚೆನ್ನಾಗಿ ನಾಟುತ್ತದೆ.

ಇದೇ ರಂಗಪ್ರಯೋಗವನ್ನು ಮೆಟ್ರೊಪಾಲಿಟನ್ 2013ರಲ್ಲಿ ಮತ್ತೆ ಆಡಿಸಿ, ಚಿತ್ರಮಂದಿರಗಳಿಗೂ ನೇರ ಪ್ರಸಾರ ಮಾಡಿತು. ಇವಾ-ಮರಿಯಾ ವೆಸ್ಟ್‌ಬ್ರೂಕ್ ಫ್ರಾಂಚೆಸ್ಕಾ. ಎರಡನ್ನೂ ನೋಡುವವರು ಕಂಠಗಳ ಗಾತ್ರವನ್ನು ಮಾತ್ರ ಹೋಲಿಸಹೋಗಬಾರದು. ರಂಗಮಂದಿರದಲ್ಲಿ ಗಾಯಕರು ಮೈಕಿನ ನೆರವಿಲ್ಲದೆ ಈ ಭಾರಿ ವಾದ್ಯವೃಂದವನ್ನು ಮೀರಿ ಕೇಳಿಸಬೇಕು. ಧ್ವನಿಮುದ್ರಣದಲ್ಲಿ ಕಂಠ-ವಾದ್ಯಗಳ ಏರುಪೇರನ್ನು ತಂತ್ರಜ್ಞರು ಸರಿದೂಗಿಸಿರುತ್ತಾರೆ.