ಭಟ್ಟಿಯ ಉರಿ ಯಾರ ಏಳಿಗೆಗೆ?

ಕಾದ ಮರಳಿಗೆ ಬಿದ್ದ ಅಕ್ಕಿಯೊಳಗಿನ ತೇವ ಕ್ಷಣದಲ್ಲೇ ಆವಿಯಾಗಿ ಕಾಳನ್ನು ಉಬ್ಬಿಸುತ್ತದೆ. ದಾವಣಗೆರೆಯ ಮಂಡಕ್ಕಿ ಹುಟ್ಟುವುದೇ ಹೀಗೆ. ಭಟ್ಟಿಗೆ ಉರುವಲು ಭತ್ತದ ಹೊಟ್ಟು. ಭದ್ರಾ ನಾಲೆಯ ಗದ್ದೆಗಳೂ ಅಕ್ಕಿ ಗಿರಣಿಗಳೂ ಇರುವ ಸೀಮೆಯಲ್ಲಿ ಅದಕ್ಕೆ ಬರವಿಲ್ಲ. ಒಂದು ಕಿಲೋ ಹೊಟ್ಟಿನಲ್ಲಿ ಹೆಚ್ಚುಕಡಿಮೆ 4 ಯುನಿಟ್ ವಿದ್ಯುತ್ತಿನಷ್ಟು ಶಾಖವಿದೆ. ಒಬ್ಬ ಮನುಷ್ಯ ಎಂಟು ತಾಸು ಮೈಮುರಿದು ದುಡಿದರೂ ಅವನ ತೋಳಿನಿಂದ ಸಿಗುವ ಶಕ್ತಿ ಮುಕ್ಕಾಲು ಯುನಿಟ್ ದಾಟುವುದು ಕಷ್ಟ.

ಶಕ್ತಿ ಬಳಕೆ ಏರಿದಂತೆ ಸಂಪತ್ತು ಏರುವುದರ ಗುಟ್ಟು ಇಲ್ಲಿದೆ: ತೋಳಿನ ದುಡಿಮೆಯನ್ನು ಹೊರಗಿನ ಶಕ್ತಿ ಹೊತ್ತುಕೊಳ್ಳುತ್ತದೆ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ತಯಾರಿಸಿದ ಲೇತುಗಳು ಮಾಡಿದ್ದೂ ಅದನ್ನೇ: ಕಬ್ಬಿಣ ಕೊರೆಯುವ ಶ್ರಮ ಮೋಟರಿಗೆ ಹೋಯಿತು, ಕೆಲಸಗಾರನ ಪಾಲಿಗೆ ಕೌಶಲ ಉಳಿಯಿತು.

ಆದರೆ ಸಂಪತ್ತೊಂದೇ ಏಳಿಗೆಯಲ್ಲ. ಆಯುಸ್ಸು, ಶಿಕ್ಷಣ, ಆದಾಯ ಮೂರನ್ನೂ ಕೂಡಿಸಿ ಅಳೆಯುವ ಮಾನವ ಅಭಿವೃದ್ಧಿ ಸೂಚ್ಯಂಕವನ್ನು ವಿಶ್ವಸಂಸ್ಥೆ 1990ರಲ್ಲಿ ತಂದಿತು. ಅದರ ಹಿಂದೆ ಅರ್ಥಶಾಸ್ತ್ರಜ್ಞರಾದ ಮಹಬೂಬ್ ಉಲ್ ಹಕ್ ಮತ್ತು ಅಮರ್ತ್ಯ ಸೇನ್ ಇದ್ದರು. ಹಲವು ದೇಶಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಅಮೆರಿಕದ ಸಂಶೋಧಕ ಅಲನ್ ಪಾಸ್ಟರ್‌ನಾಕ್ 2000ದಲ್ಲಿ ಕಂಡದ್ದು ಇದು: ವರ್ಷಕ್ಕೆ ತಲಾ ಸುಮಾರು 4,000 ಯುನಿಟ್ ವಿದ್ಯುತ್ ಬಳಕೆಯವರೆಗೆ ಸೂಚ್ಯಂಕ ಭರದಿಂದ ಏರುತ್ತದೆ, ಆಮೇಲೆ ಎಷ್ಟು ಉರಿಸಿದರೂ ಹೆಚ್ಚೇನೂ ಸಿಗದು. ಭಾರತದ ತಲಾ ಬಳಕೆ 2023-24ರಲ್ಲಿ ಸುಮಾರು 1,400 ಯುನಿಟ್ ಇತ್ತು. ನಮಗೆ ಇನ್ನೂ ಶಕ್ತಿ ಬೇಕು, ಅನುಮಾನವಿಲ್ಲ.

ಎಷ್ಟು ಎಂಬುದರ ಜೊತೆಗೆ, ಆ ಶಕ್ತಿ ಯಾರಿಗೆ ಏನು ಮಾಡಿಕೊಟ್ಟಿತು ಎಂದೂ ಕೇಳಬೇಕು. ಹಳೆಯ ಭಟ್ಟಿಯಲ್ಲಿ ಶಾಖದ ದೊಡ್ಡ ಪಾಲು ಹೊಗೆಯ ಜೊತೆ ಹೊರಟುಹೋಗುತ್ತದೆ. ಆ ಹೊಗೆ, ಹೊಟ್ಟಿನ ಬೂದಿಯ ಸಿಲಿಕಾ ಧೂಳು ಸೇರುವುದು ಅಲ್ಲಿ ದುಡಿಯುವವರ ಎದೆಗೆ. ಉತ್ಪಾದನೆಯ ಲೆಕ್ಕ ಏರಿದ ದಿನವೇ ಅವರ ಆರೋಗ್ಯ ಕುಸಿಯಬಹುದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿ ಅಮೂಲ್ಯ ರೆಡ್ಡಿ ದಶಕಗಳ ಕಾಲ ಹಿಡಿದದ್ದು ಈ ಪ್ರಶ್ನೆಯನ್ನೇ. ಜನರಿಗೆ ಬೇಕಿರುವುದು ಬೆಳಕು, ನೀರು, ಬೇಯಿಸಿದ ಅನ್ನ, ಕಿಲೋವ್ಯಾಟ್ ಅಲ್ಲ ಎಂಬುದು ಅವರ ವಾದ. ಸಾಧನಗಳು ದಕ್ಷವಾಗಿದ್ದರೆ ತಲಾ ಸರಾಸರಿ ಒಂದು ಕಿಲೋವ್ಯಾಟ್ ಶಕ್ತಿಯಲ್ಲೇ ಮೂಲ ಅಗತ್ಯಗಳನ್ನೂ ಮೀರಿದ ಬಾಳು ಸಾಧ್ಯವೆಂದು 1985ರಲ್ಲಿ ಅವರೂ ಮೂವರು ಸಹಲೇಖಕರೂ ಲೆಕ್ಕ ಹಾಕಿ ತೋರಿಸಿದರು. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಸಗಣಿ ಅನಿಲದಿಂದ ಎಂಜಿನ್ ಓಡಿಸಿ ಮನೆಗಳಿಗೆ ದೀಪ, ನಲ್ಲಿಗೆ ನೀರು ತಂದದ್ದೂ ಅವರ ಬಳಗವೇ.

ಕರ್ನಾಟಕ ಸರ್ಕಾರದ 2023ರ ಗೃಹಜ್ಯೋತಿ ಯೋಜನೆ 200 ಯುನಿಟ್‌ವರೆಗೆ ಮನೆಯ ಕರೆಂಟ್ ಬಿಲ್ಲಿನ ಹೊರೆ ಇಳಿಸಿತು, ಒಳ್ಳೆಯದೇ. ಹೊಟ್ಟು ಪೂರ್ತಿ ಉರಿಯುವಂಥ ಒಲೆ, ಎತ್ತರದ ಚಿಮಣಿ, ಧೂಳು ಎಳೆಯುವ ಫ್ಯಾನು ಪ್ರತಿ ಭಟ್ಟಿಗೂ ಸಿಗುವಂತೆ ಮಾಡುವುದಕ್ಕೂ ಅಷ್ಟೇ ಮುತುವರ್ಜಿ ಬೇಕು.