ವಾಚು ಇಟ್ಟುಕೊಳ್ಳಬೇಕೋ, ರಿಪೇರಿ ಮಾಡಿಸಬೇಕೋ, ವಾಪಸ್ ಕೊಡಬೇಕೋ?

ಚಿತ್ತಾಪುರ ಕಡೆಯ ಒಂದು ಹಳ್ಳಿ. ಅಲ್ಲಿಯ ಒಬ್ಬ ತಾಯಿಯ ಮಾತು ಹೇಳುತ್ತೇವೆ, ಕೇಳಿರಿ.

ಅವಳ ಮಗಳು ದಿನಾಲು ವಾಡಿ ಸ್ಟೇಷನ್ನಿನಲ್ಲಿ ರೈಲು ಹತ್ತಿ ಕಲಬುರಗಿ ಕಾಲೇಜಿಗೆ ಹೋಗುತ್ತಾಳೆ. ಪರೀಕ್ಷೆ ಹತ್ತಿರ ಬಂದಿತ್ತು. ಪರೀಕ್ಷೆ ಕೋಣೆಯೊಳಗೆ ಮೊಬೈಲ್ ಬಿಡುವುದಿಲ್ಲ. ವೇಳೆ ನೋಡಿಕೊಳ್ಳಲು ಕೈಗೆ ವಾಚು ಬೇಕು. ತಾಯಿ ತೊಗರಿ ರಾಶಿಯ ಕೂಲಿಯಲ್ಲಿ ಉಳಿಸಿದ ಹಣ ತೆಗೆದುಕೊಂಡು ಪೇಟೆಗೆ ಹೋದಳು.

ಅಂಗಡಿಯವನು ಒಂದು ವಾಚು ತೋರಿಸಿದ. "ಇದು ಕಂಪನಿ ಮಾಲ ಅದ ಯಕ್ಕಾ. ಬ್ಯಾರೆ ಕಡಿ ಎರಡು ಸಾವಿರ. ನಿಮಗ ಏಳ್ನೂರ ಐವತ್ತಕ್ಕ ಕೊಡ್ತೀನಿ" ಅಂದ. ಡಯಲಿನ ಮೇಲೆ ಟೈಟನ್ ಹೆಸರಿನಂತೆ ಕಾಣುವ ಹೆಸರು ಇತ್ತು. ಹೊಳಪು ಚೆನ್ನಾಗಿತ್ತು. 750 ರೂಪಾಯಿ ಎಣಿಸಿ ಕೊಟ್ಟಳು. ಪಕ್ಕಾ ಬಿಲ್ಲು ಸಿಗಲಿಲ್ಲ. ಆದರೆ ಹಟ ಹಿಡಿದು ಒಂದು ಚೀಟಿ ಬರೆಸಿಕೊಂಡಳು. ಅಂಗಡಿ ಹೆಸರು, ತಾರೀಖು, "ವಾಚು 1, ರೂ. 750". ಅಷ್ಟೇ.

ಒಂದೇ ದಿನದಲ್ಲಿ ವಾಚು ಹತ್ತು ನಿಮಿಷ ಹಿಂದೆ ಬಿತ್ತು. ತಾರೀಖು ತೋರಿಸುವ ಕಿಂಡಿ ತಿರುಗಲೇ ಇಲ್ಲ. ಮೂರನೇ ದಿನ ಮಗಳಿಗೆ ರೈಲು ತಪ್ಪಿತು.

ಮನೆಯಲ್ಲಿ ಮಾತು ಶುರುವಾಯಿತು. ಗಂಡ, "ಹತ್ತು ನಿಮಿಷ ಮುಂದ ಇಟ್ಟರ ಆತು, ಇರಲಿ ಬಿಡು" ಅಂದ. ಮೈದುನ, "ಸೆಲ್ ಬದಲಿ ಮಾಡಸ್ರಿ ವೈನಿ" ಅಂದ. ಅತ್ತೆ, "ಒಯ್ದು ಅವನ ಮುಂದ ಒಗದು ಬಾ" ಅಂದಳು.

ಗಂಡನ ಮಾತು ನಡೆಯುವುದಿಲ್ಲ. ವಾಚು ದಿನಕ್ಕೆ ಹತ್ತು ನಿಮಿಷ ಹಿಂದೆ ಬಿದ್ದರೆ ಇವತ್ತು ಹತ್ತು, ನಾಳೆ ಇಪ್ಪತ್ತು, ನಾಡಿದ್ದು ಅರ್ಧ ತಾಸು. ಮುಂದೆ ಇಟ್ಟರೂ ಅದು ಮತ್ತೆ ಹಿಂದೆ ಸರಿಯುತ್ತದೆ. ಮೈದುನನ ಮಾತು ಸರಿ ಇರಬಹುದು, ತಪ್ಪೂ ಇರಬಹುದು. ಅದಕ್ಕೆ ಮೊದಲು ದೋಷ ಎಂಥದ್ದು ಎಂದು ನೋಡಬೇಕು.

ತೊಗರಿ ಬೇಳೆ ತಗೊಳ್ಳುವಾಗ ನೀವು ಕೈಯಲ್ಲಿ ಹಿಡಿದು, ಹಲ್ಲಿನಲ್ಲಿ ಕಡಿದು ನೋಡುತ್ತೀರಿ. ಶಹಾಬಾದಿನ ಫರಸಿ ಹಾಕಿಸುವಾಗ ಬಿರುಕು ಇದೆಯೇ ಎಂದು ನೋಡುತ್ತೀರಿ. ಫರಸಿಯ ಅಂಚು ತುಸು ಮುಕ್ಕಾದರೆ ಮೂಲೆಗೆ ಹಾಕಬಹುದು. ನಡುವೆ ಸೀಳಿದ್ದರೆ ಏನೂ ಮಾಡಲಾಗದು. ವಾಚಿಗೂ ಹಾಗೆಯೇ.

ಮೇಲಿನ ದೋಷ ಬೇರೆ, ಒಳಗಿನ ದೋಷ ಬೇರೆ. ಅಂಕಿ ತುಸು ಸೊಟ್ಟ ಇದೆ, ಬಣ್ಣ ಒಂದು ಕಡೆ ಮಾಸಿದೆ. ಇದು ಮೇಲಿನ ದೋಷ. ವೇಳೆ ಸರಿ ತೋರಿಸಿದರೆ ಇಟ್ಟುಕೊಳ್ಳಬಹುದು. ಐವತ್ತು ನೂರು ಕಡಿಮೆ ಮಾಡು ಎಂದು ಕೇಳಲೂಬಹುದು. ಪಟ್ಟಿ ಹರಿದಿದೆ, ಪಿನ್ನು ಬಿದ್ದಿದೆ, ಗಾಜು ಒಡೆದಿದೆ. ಇವು ರಿಪೇರಿಗೆ ಬರುತ್ತವೆ. ಸೆಲ್ ಮುಗಿದಿದ್ದರೂ ಹಾಗೆಯೇ. ಸೆಲ್ ಮುಗಿಯುತ್ತ ಬಂದರೆ ಕೆಲವು ವಾಚುಗಳಲ್ಲಿ ಸೆಕೆಂಡ್ ಮುಳ್ಳು ಒಂದೊಂದು ಹೆಜ್ಜೆ ಇಡುವ ಬದಲು ನಾಲ್ಕೈದು ಹೆಜ್ಜೆ ಒಮ್ಮೆಗೇ ಜಿಗಿಯುತ್ತದೆ.

ಆದರೆ ಗಾಜಿನ ಒಳಗೆ ಹನಿ ಕಟ್ಟಿದ್ದರೆ ನೀರು ಒಳಗೆ ಹೋಗಿದೆ ಎಂದು ಅರ್ಥ. ಹಿಂಬದಿಯ ಲೋಹ ತಾಗಿ ಮುಂಗೈಗೆ ತುರಿಕೆ, ಗುಳ್ಳೆ ಬಂದರೆ ಆ ಲೋಹ ನಿಮಗೆ ಆಗುವುದಿಲ್ಲ. ಅದನ್ನು ಕಟ್ಟಬಾರದು. ಇನ್ನು ಕೆಲವು ನಕಲಿ ವಾಚುಗಳಲ್ಲಿ ದೊಡ್ಡ ಡಯಲಿನ ಒಳಗೆ ಮೂರು ಸಣ್ಣ ಡಯಲು ಇರುತ್ತವೆ. ಅವುಗಳ ಮುಳ್ಳು ಅಲ್ಲಾಡುವುದೇ ಇಲ್ಲ. ಅವು ಬರೀ ಚಿತ್ರ! ಯಾರೂ ಅವನ್ನು ರಿಪೇರಿ ಮಾಡಲಾರರು.

ಪರೀಕ್ಷೆ ಮಾಡುವುದು ಸುಲಭ. ರಾತ್ರಿ ಮೊಬೈಲಿನ ವೇಳೆಗೆ ಸರಿಯಾಗಿ ವಾಚು ಇಡಿರಿ. ಮರುದಿನ ಅದೇ ವೇಳೆಗೆ ನೋಡಿರಿ. ಸೆಲ್ಲಿನ ಒಳ್ಳೆಯ ವಾಚು ತಿಂಗಳಿಗೆ ಅರ್ಧ ನಿಮಿಷವೂ ತಪ್ಪುವುದಿಲ್ಲ. ಅದರೊಳಗೆ ಒಂದು ಸಣ್ಣ ಹರಳು ಇರುತ್ತದೆ. ಅದು ಸೆಕೆಂಡಿಗೆ 32,768 ಸಲ ಅದುರುತ್ತದೆ. ಆ ಲೆಕ್ಕದಿಂದಲೇ ಮುಳ್ಳು ನಡೆಯುತ್ತದೆ. ಹೊಸ ವಾಚು ದಿನಕ್ಕೆ ಹತ್ತು ನಿಮಿಷ ಹಿಂದೆ ಬಿತ್ತೆಂದರೆ ಸೆಲ್ ಹಳತು, ಇಲ್ಲವೇ ಒಳಗಿನ ಯಂತ್ರ ಕೆಟ್ಟದ್ದು.

ಹಾಗಾದರೆ ಬಿಚ್ಚಿಸಿ ನೋಡೋಣವೇ? ಬೇಡ. ವಾಪಸ್ ಕೊಡುವ ಮನಸ್ಸಿದ್ದರೆ ಬೇರೆ ಯಾರ ಕೈಯಲ್ಲೂ ಬಿಚ್ಚಿಸಬೇಡಿರಿ. "ನೀವೇ ಬಿಚ್ಚಿ ಕೆಡಿಸೀರಿ" ಎಂದು ಅಂಗಡಿಯವನು ಹೇಳಲು ದಾರಿ ಆಗುತ್ತದೆ. ನಮ್ಮ ಎಷ್ಟೋ ಅಕ್ಕಂದಿರು ಸೋಲುವುದು ಇಲ್ಲಿಯೇ.

ಈ ತಾಯಿ ಬಿಚ್ಚಿಸಲಿಲ್ಲ. ಇನ್ನೊಂದು ಕೆಲಸ ಮಾಡಿದಳು. ಪಕ್ಕದ ಮನೆ ಮಾಸ್ತರರ ಹತ್ತಿರ ಟೈಟನ್ ವಾಚು ಇತ್ತು. ಅದನ್ನು ಕೇಳಿ ತಂದಳು. ಎರಡನ್ನೂ ಜೋಡಿಸಿ ಇಟ್ಟಳು. ಅವಳಿಗೆ ಇಂಗ್ಲಿಷ್ ಬಾರದು. ಆದರೆ ಕಲಿಕಾ ಕೇಂದ್ರದಲ್ಲಿ ಅಕ್ಷರ ಎಣಿಸುವುದು ಕಲಿತಿದ್ದಳು. ಮಾಸ್ತರರ ವಾಚಿನಲ್ಲಿ ಐದು ಅಕ್ಷರ. ಒಂದನೆಯದು, ಮೂರನೆಯದು ಒಂದೇ ತರಹ. ಇವಳ ವಾಚಿನಲ್ಲಿ ಆರು ಅಕ್ಷರ!

ವಾಚು ನಕಲಿ. ಪೇಟೆಯಲ್ಲಿ ಇದಕ್ಕೆ ಡುಪ್ಲಿಕೇಟ್ ಎನ್ನುತ್ತಾರೆ. ತುಸು ನಾಜೂಕಾಗಿ "ಫಸ್ಟ್ ಕಾಪಿ" ಎನ್ನುತ್ತಾರೆ. ಹೆಸರು ಏನೇ ಇರಲಿ, ಬೇರೆ ಕಂಪನಿಯ ಹೆಸರು ಕದ್ದು ಹಾಕಿ ಮಾರುವುದು ಅಪರಾಧ. 1999ರ ಟ್ರೇಡ್ ಮಾರ್ಕ್ ಕಾಯ್ದೆಯಲ್ಲಿ ಇದಕ್ಕೆ ಜೈಲು ಶಿಕ್ಷೆಯೂ ಇದೆ.

ಇಲ್ಲಿ ಒಂದು ಮಾತು. ಜಾತ್ರೆಯಲ್ಲಿ "ಇದು ಡುಪ್ಲಿಕೇಟ್ ಅದ, ನೂರಾ ಐವತ್ತು" ಎಂದು ಹೇಳಿಯೇ ಕೊಡುತ್ತಾರೆ. ನಾವೂ ತಿಳಿದೇ ತಗೊಳ್ಳುತ್ತೇವೆ. ಅದು ಕೆಟ್ಟರೆ ಆಮೇಲೆ ಮೋಸವಾಯಿತು ಎಂದು ವಾದ ಮಾಡುವುದು ಕಷ್ಟ. ಅದರ ರಿಪೇರಿಗೆ ನೂರು ರೂಪಾಯಿ ಹಾಕುವುದೂ ದಂಡ. ಆದರೆ ಅಸಲಿ ಎಂದು ಹೇಳಿ, ಅಸಲಿಯ ಹಣ ತೆಗೆದುಕೊಂಡು ನಕಲಿ ಕೊಟ್ಟರೆ ಅದು ಮೋಸ. ಆಗ ರಿಪೇರಿಗೆ ಒಪ್ಪಬಾರದು. ಸೆಲ್ ಬದಲಿಸಿದರೆ ನಕಲಿ ಅಸಲಿ ಆಗುವುದಿಲ್ಲವಲ್ಲ!

ರಿಪೇರಿಗೆ ಯೋಗ್ಯವಾದ ಹಳೆಯ ವಾಚೂ ಇವೆ. ನಿಮ್ಮ ಮಾವನವರ ಕಾಲದ ಎಚ್‌ಎಂಟಿ ವಾಚು ಪೆಟ್ಟಿಗೆಯಲ್ಲಿ ಇರಬಹುದು. ಎಚ್‌ಎಂಟಿ ಸರಕಾರದ ಕಂಪನಿ. ಜಪಾನಿನ ಸಿಟಿಜನ್ ಕಂಪನಿಯ ಸಹಾಯದಿಂದ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ಮಾಡಲು ಶುರು ಮಾಡಿತು. ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಆಯಿತು. ಚಾವಿ ಕೊಡುವ "ಜನತಾ" ವಾಚು ಊರೂರಿಗೆ ಹೋಯಿತು. ಅದು ನಿಂತಿದ್ದರೆ ಬಿಸಾಡಬೇಡಿರಿ. ಬಿಚ್ಚಿ, ತೊಳೆದು, ಎಣ್ಣೆ ಹಾಕಿದರೆ ಹೆಚ್ಚಿನವು ಮತ್ತೆ ನಡೆಯುತ್ತವೆ. ಆದರೆ ಎಚ್‌ಎಂಟಿ ವಾಚಸ್ ಕಂಪನಿ ಮುಚ್ಚಲು 2016ರಲ್ಲಿ ಕೇಂದ್ರ ಸರಕಾರ ಒಪ್ಪಿತು. ಈಗ "ಹೊಸಾ ಜನತಾ" ಎಂದು ಮಾರುವ ಎಷ್ಟೋ ವಾಚುಗಳು ಹಳೆಯವು. ಡಯಲಿಗೆ ಹೊಸ ಬಣ್ಣ ಬಳಿದು, ಬೇರೆ ಬೇರೆ ವಾಚಿನ ಸಾಮಾನು ಕೂಡಿಸಿರುತ್ತಾರೆ.

ವಾಪಸ್ ಕೊಡುವುದಾದರೆ ತಡ ಮಾಡಬಾರದು. ಗ್ರಾಹಕರ ರಕ್ಷಣೆಗೆ ಮೊದಲು 1986ರ ಕಾಯ್ದೆ ಇತ್ತು. ಅದರ ಜಾಗದಲ್ಲಿ 2019ರ ಕಾಯ್ದೆ ಬಂದು, 2020ರ ಜುಲೈಯಿಂದ ಜಾರಿಯಲ್ಲಿದೆ. ಬಿಲ್ಲು ಕೊಡದಿರುವುದು ಈ ಕಾಯ್ದೆಯಲ್ಲಿ ತಪ್ಪು. ದೋಷ ಇರುವ ಮಾಲನ್ನು ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ ವಾಪಸ್ ತೆಗೆದುಕೊಳ್ಳಬೇಕು. ಅವಧಿ ಬರೆಯದಿದ್ದರೆ 30 ದಿನದೊಳಗೆ. "ಮಾರಿದ ಮಾಲು ವಾಪಸ್ ಇಲ್ಲ" ಎಂದು ಬೋರ್ಡು ಹಾಕಿದರೂ ದೋಷದ ಮಾಲಿಗೆ ಅದು ನಡೆಯುವುದಿಲ್ಲ. ಪಕ್ಕಾ ಬಿಲ್ಲು ಇದ್ದರೆ ಬಲ ಹೆಚ್ಚು. ಇಲ್ಲದಿದ್ದರೆ ಚೀಟಿ, ಫೋನಿನಲ್ಲಿ ಹಣ ಹಾಕಿದ ಲೆಕ್ಕ, ಇವನ್ನೂ ಸಾಕ್ಷಿಗೆ ತೋರಿಸಬಹುದು.

ಅಂಗಡಿಯವನು ಒಪ್ಪದಿದ್ದರೆ 1915 ನಂಬರಿಗೆ ಫೋನ್ ಮಾಡಿರಿ. ಅದು ಗ್ರಾಹಕರ ಸಹಾಯವಾಣಿ. ಕನ್ನಡದಲ್ಲಿಯೇ ಮಾತಾಡಬಹುದು. ಅಲ್ಲಿಯೂ ಬಗೆಹರಿಯದಿದ್ದರೆ ಕಲಬುರಗಿಯಲ್ಲಿ ಜಿಲ್ಲಾ ಗ್ರಾಹಕರ ಆಯೋಗ ಇದೆ. ಎರಡು ವರ್ಷದೊಳಗೆ ದೂರು ಕೊಡಬೇಕು. ಮಾಲಿಗೆ ಕೊಟ್ಟ ಹಣ 5 ಲಕ್ಷದೊಳಗೆ ಇದ್ದರೆ ಫೀ ಇಲ್ಲ. ವಕೀಲರು ಇರಲೇಬೇಕು ಅಂತೇನೂ ಇಲ್ಲ. ಬರೆಯಲು ಸಹಾಯ ಬೇಕೆಂದರೆ ಸೇಡಂ, ಚಿತ್ತಾಪುರ, ಚಿಂಚೋಳಿ ಕೋರ್ಟಿನಲ್ಲಿ ತಾಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿರಿ. ಹೆಣ್ಣುಮಕ್ಕಳಿಗೆ ಅಲ್ಲಿ ಸಹಾಯ ಪುಕ್ಕಟೆ. 750 ರೂಪಾಯಿಗಾಗಿ ಕಲಬುರಗಿಗೆ ಓಡಾಡುವುದು ಎಲ್ಲರಿಗೂ ಆಗದು, ನಿಜ. ಬಹಳ ಸಲ ಅಲ್ಲಿಯವರೆಗೆ ಹೋಗುವುದೂ ಬೇಕಾಗುವುದಿಲ್ಲ.

ಆ ತಾಯಿ ಎಂಟನೇ ದಿನ ಅಂಗಡಿಗೆ ಹೋದಳು. ಅತ್ತೆ ಹೇಳಿದಂತೆ ಒಗೆಯಲಿಲ್ಲ. ವಾಚು, ಡಬ್ಬಿ, ಚೀಟಿ ಮೂರನ್ನೂ ಒಯ್ದಿದ್ದಳು. ಒಂದು ಹಾಳೆಯಲ್ಲಿ ತಾನೇ ಬರೆದುಕೊಂಡಿದ್ದಳು:

"ಅಸಲಿ ಎಂದು ಹೇಳಿ ಕೊಟ್ಟಿರಿ. ಹೆಸರಿನ ಅಕ್ಷರ ತಪ್ಪು ಇದೆ. ದಿನಕ್ಕೆ 10 ನಿಮಿಷ ಹಿಂದೆ ಬೀಳುತ್ತದೆ. ತಾರೀಖು ತಿರುಗುವುದಿಲ್ಲ. ನನ್ನ 750 ರೂಪಾಯಿ ವಾಪಸ್ ಕೊಡಿರಿ."

ಅವನು ಮೊದಲು ನಕ್ಕ. ಆಮೇಲೆ "ಸೆಲ್ ಪುಕ್ಕಟೆ ಹಾಕ್ತೀನಿ ಯಕ್ಕಾ" ಅಂದ. "ಸೆಲ್ ಹಾಕಿದ್ರ ಆರು ಅಕ್ಷರ ಐದು ಆಗ್ತಾವೇನಪ್ಪಾ?" ಎಂದು ಕೇಳಿದಳು. ಅಂಗಡಿಯಲ್ಲಿ ಇದ್ದ ಬೇರೆ ಗಿರಾಕಿಗಳು ತಿರುಗಿ ನೋಡಿದರು. "ಆರುನೂರು ತಗೋರಿ" ಅಂದ. ಅವಳು ಫೋನು ತೆಗೆದು 1915 ಒತ್ತಲು ಹೋದಳು.

ಹಣ ಪೂರ್ತಿ ಬಂತು. ಅವನು ಚೀಟಿ ವಾಪಸ್ ಕೇಳಿದ. ಅವಳು ನೋಟು ಎರಡು ಸಲ ಎಣಿಸಿ, ಆಮೇಲೆ ಚೀಟಿ ಕೊಟ್ಟಳು. ಮುಂದಿನ ವಾರ ಕಲಬುರಗಿಯಿಂದ ಸಾದಾ ವಾಚು ಒಂದು ತಂದಳು. ದೊಡ್ಡ ಹೆಸರಿನದಲ್ಲ. ಬಿಲ್ಲಿನ ಮೇಲೆ "ಒಂದು ವರ್ಷ ಗ್ಯಾರಂಟಿ" ಎಂದು ಬರೆಸಿ, ಅಲ್ಲೇ ನಿಂತು ಓದಿಕೊಂಡು ಬಂದಳು.